ಆ ಹೆಸರಿಗೆ ಎಲ್ಲರೂ ಸುಮ್ಮನಾದದ್ದು ಯಾಕೆ

ತಮ್ಮಾ, ಬರ್ಲಿನ್‌ಗೆ ಬಂದು ಆರು ವಾರಕ್ಕೇ ಮನಸ್ಸು ಮುದುಡಿದೆ ಅಂತ ಬರೆದಿದ್ದೀಯ. ಆಫೀಸಿನಲ್ಲಿ ಊಟ ಮಾಡುವಾಗ "ಬೆಂಗಳೂರಲ್ಲಿ ನಮ್ಮ ಮ್ಯಾನೇಜರ್ ಥೇಟ್ ಹಿಟ್ಲರ್" ಅಂದೆಯಂತೆ, ಜೊತೆಗಿದ್ದವರೆಲ್ಲ ಮಾತು ನಿಲ್ಲಿಸಿದರಂತೆ. ಎಂಬತ್ತು ವರ್ಷದ ಹಿಂದಿನ ವಿಷಯವನ್ನು ಇವರು ಯಾಕೆ ಬಿಡುವುದಿಲ್ಲ, ಹೆಜ್ಜೆಗೊಂದು ಸ್ಮಾರಕ ಯಾಕೆ ಅಂತ ಕೇಳಿದ್ದೀಯ.

ಅವರಿಗೆ ನಿನ್ನ ಮೇಲೆ ಸಿಟ್ಟಿಲ್ಲ. ನಮ್ಮೂರಲ್ಲಿ ಜೋರು ಮಾಡುವ ಮೇಷ್ಟ್ರಿಗೆ, ಮಾವನಿಗೆ ಆ ಹೆಸರಿಡುತ್ತೇವೆ. ನಾನೂ ಹಾಗೆ ಅಂದುಕೊಂಡೇ ಬೆಳೆದವಳು. ಇಲ್ಲಿಯವರಿಗೆ ಆ ಹೆಸರು ಕೇಳಿದರೆ ತಮ್ಮ ಅಜ್ಜನೋ ಮುತ್ತಜ್ಜನೋ ಆಗ ಏನು ಮಾಡುತ್ತಿದ್ದರು ಅನ್ನುವುದು ನೆನಪಾಗುತ್ತದೆ. ಇನ್ನು ಮುಂದೆ ಆ ಮಾತು ಆಡಬೇಡ, ಅಷ್ಟು ಸಾಕು. ಹಾಗೇ ಹಬ್ಬದ ದಿನ ಬಾಗಿಲ ಹೊರಗೆ ಸ್ವಸ್ತಿಕದ ರಂಗೋಲಿ ಬೇಡ, ಇಲ್ಲಿಯವರ ಕಣ್ಣಿಗೆ ಅದು ಹಿಟ್ಲರನ ಪಕ್ಷದ ಗುರುತು; ಅದು ಒಳಗೆ ದೇವರ ಮುಂದೆ ಇರಲಿ.

ಇವರೂ ಮೊದಲಿನಿಂದ ಹೀಗಿರಲಿಲ್ಲ ಅನ್ನುವುದು ನಿನಗೆ ತಿಳಿಯಬೇಕು. ಒಂದು ಶನಿವಾರ 'ಟೋಪೋಗ್ರಾಫಿ ಆಫ್ ಟೆರರ್' ಅನ್ನುವ ಮ್ಯೂಸಿಯಂಗೆ ಹೋಗು, ಪ್ರವೇಶಕ್ಕೆ ದುಡ್ಡಿಲ್ಲ. ಹಿಟ್ಲರನ ಗುಪ್ತ ಪೊಲೀಸ್ ಗೆಸ್ಟಾಪೊ ಮತ್ತು ಅವನ ಪಕ್ಷದ ಸಶಸ್ತ್ರ ಪಡೆ ಎಸ್‌ಎಸ್‌ನ ಮುಖ್ಯ ಕಚೇರಿಗಳಿದ್ದ ಜಾಗ ಅದು. ಯುದ್ಧ ಮುಗಿದ ಮೇಲೆ ಅಳಿದುಳಿದ ಗೋಡೆಗಳನ್ನು ಉರುಳಿಸಿ ಬಿಟ್ಟರು. ಲೈಸೆನ್ಸ್ ಇಲ್ಲದವರು ಕಾರು ಓಡಿಸಿ ನೋಡುವ ಮೈದಾನವಾಗಿತ್ತು ಅದು, ಎಷ್ಟೋ ವರ್ಷ! 1985ರಲ್ಲಿ ಊರಿನ ಜನ ತಾವೇ ಗುದ್ದಲಿ ಹಿಡಿದು ಅಗೆಯಲು ನಿಂತರು. 1987ರಲ್ಲಿ ಮೊದಲ ಪ್ರದರ್ಶನ ನಡೆಯಿತು, ಈಗಿನ ಕಟ್ಟಡ ತೆರೆದದ್ದು 2010ರಲ್ಲಿ. ನೆಲಮಾಳಿಗೆಯ ಗೋಡೆಗಳು ಈಗಲೂ ಕಾಣುತ್ತವೆ. ಅವುಗಳ ಮೇಲ್ಗಡೆಯೇ ಬರ್ಲಿನ್ ಗೋಡೆಯ ಸುಮಾರು 200 ಮೀಟರ್ ನಿಂತಿದೆ. ಒಂದು ಸರ್ವಾಧಿಕಾರದ ಗುರುತಿನ ಪಕ್ಕದಲ್ಲೇ ಇನ್ನೊಂದರ ಗುರುತು.

ಆ ಇನ್ನೊಂದನ್ನು ನೋಡಲು ಹೋಹೆನ್‌ಶೋನ್‌ಹೌಸೆನ್‌ಗೆ ಹೋಗಬೇಕು. ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರದ ಗುಪ್ತ ಪೊಲೀಸ್ ಸ್ಟಾಸಿಯ ಜೈಲು ಅದು, 1994ರಿಂದ ಸ್ಮಾರಕ. ಅಲ್ಲಿ ಸೆರೆಯಿದ್ದವರೇ ಎಷ್ಟೋ ಸಲ ನಮ್ಮನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ. ನಾನು ಹೋದ ದಿನ ನಮ್ಮ ಮುಂದೆ ಇದ್ದವರು ಬಿಳಿಗೂದಲಿನ ಒಬ್ಬ ಅಜ್ಜ. ಮೀನು, ತರಕಾರಿ ಮಾರುವ ವ್ಯಾನಿನಂತೆ ಬಣ್ಣ ಹಚ್ಚಿದ ಗಾಡಿಯಲ್ಲಿ ಜನರನ್ನು ತರುತ್ತಿದ್ದರು, ಎಲ್ಲಿದ್ದೇವೆಂದು ತಿಳಿಯಬಾರದೆಂದು ಊರೆಲ್ಲ ಸುತ್ತಿಸುತ್ತಿದ್ದರು ಅಂತ ಅವರು ಹೇಳಿದರು. ರಾತ್ರಿ ಅಂಗಾತ ಮಲಗಬೇಕು, ಕೈಗಳು ಹೊದಿಕೆಯ ಮೇಲಿರಬೇಕು. ಹಾಗೆ ಹೇಳುತ್ತಾ ತಮ್ಮ ಕೈಗಳನ್ನು ಎದೆಯ ಮುಂದೆ ಚಾಚಿ ಸ್ವಲ್ಪ ಹೊತ್ತು ಹಾಗೇ ನಿಂತರು. ನಮ್ಮಲ್ಲಿ ಯಾರೂ ಏನೂ ಕೇಳಲಿಲ್ಲ.

ಸ್ಟಾಸಿಯ ಮುಖ್ಯ ಕಚೇರಿಯೂ ಈಗ ಮ್ಯೂಸಿಯಂ. 1990ರ ಜನವರಿ 15ರಂದು ಜನ ಅದರೊಳಗೆ ನುಗ್ಗಿದರು, ಅಲ್ಲಿ ನಾಶವಾಗುತ್ತಿದ್ದ ಕಡತಗಳು ಉಳಿಯಲೆಂದು. 1992ರಿಂದ ಯಾರು ಬೇಕಾದರೂ ತಮ್ಮ ಕಡತ ಕೇಳಿ ಓದಬಹುದು. ಓದಿದ ಕೆಲವರಿಗೆ ತಮ್ಮ ಮೇಲೆ ಚಾಡಿ ಬರೆದವರು ಸ್ನೇಹಿತರು, ಮನೆಯವರೇ ಅಂತ ಗೊತ್ತಾಯಿತು. ಸಂಸಾರಗಳು ಒಡೆದವು. ಆದರೂ ಬಾಗಿಲು ಮುಚ್ಚಲಿಲ್ಲ ನೋಡು, ಈ ದೇಶದ ಬಗ್ಗೆ ನನಗೆ ಗೌರವ ಬಂದದ್ದು ಅದಕ್ಕೆ. ಅಲ್ಲಿ ಒಂದು ಗಾಜಿನ ಭರಣಿ ಇದೆ, ಒಳಗೆ ಹಳದಿ ಬಟ್ಟೆಯ ತುಂಡು. ವಿಚಾರಣೆಗೆ ಕೂರಿಸಿದವರ ಕುರ್ಚಿಯ ಮೇಲಿಟ್ಟು, ಮೈವಾಸನೆ ಹಿಡಿಸಿ, ಮುಂದೆ ನಾಯಿಗಳು ಮೂಸಿ ಅವರನ್ನು ಪತ್ತೆ ಹಚ್ಚಲೆಂದು ತೆಗೆದಿಡುತ್ತಿದ್ದರು. ಅದನ್ನು ತಪ್ಪದೆ ನೋಡು.

ದೊಡ್ಡ ಸ್ಮಾರಕಗಳಿಗಿಂತ ನನ್ನನ್ನು ಹೆಚ್ಚು ತಟ್ಟಿದ್ದು ನಮ್ಮ ಕಟ್ಟಡದ ಬಾಗಿಲ ಮುಂದಿನ ಮೂರು ಹಿತ್ತಾಳೆ ಫಲಕಗಳು. ಒಂದೊಂದೂ ಅಂಗೈಯಗಲ, ಹತ್ತು ಸೆಂಟಿಮೀಟರ್. 'ಇಲ್ಲಿ ವಾಸವಾಗಿದ್ದರು' ಅಂತ ಶುರುವಾಗಿ ಹೆಸರು, ಹುಟ್ಟಿದ ವರ್ಷ, ಹಿಟ್ಲರನ ಕಾಲದಲ್ಲಿ ಅವರನ್ನು ಕೊಂದ ಜಾಗ. ಗಂಡ, ಹೆಂಡತಿ, ನಾಲ್ಕು ವರ್ಷದ ಮಗಳು. ಗುಂಟರ್ ಡೆಮ್ನಿಗ್ ಅನ್ನುವ ಕಲಾವಿದ ಶುರು ಮಾಡಿದ ಕೆಲಸ ಇದು, ಯುರೋಪಿನಲ್ಲಿ ಈಗ ಒಂದು ಲಕ್ಷ ದಾಟಿದೆ. ನಿನ್ನ ಬೀದಿಯಲ್ಲೂ ಇರಬಹುದು, ತಲೆ ತಗ್ಗಿಸಿ ನಡೆದು ನೋಡು.

1938ರ ನವೆಂಬರ್ 9ರ ರಾತ್ರಿ ಹಿಟ್ಲರನ ಕಡೆಯವರು ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ಒಡೆದು ಸುಟ್ಟರು. ಪ್ರತಿವರ್ಷ ಆ ದಿನ ನಮ್ಮ ಬೀದಿಯವರು ಫಲಕಗಳನ್ನು ಉಜ್ಜಿ ಮೇಣದಬತ್ತಿ ಹಚ್ಚುತ್ತಾರೆ. ಮೊದಲ ವರ್ಷ ನಾನು ಕಿಟಕಿಯಿಂದ ನೋಡಿದೆ. ಮರುವರ್ಷ ದೇವರ ಪಾತ್ರೆಗೆ ಇಟ್ಟಿದ್ದ ಹುಣಸೆಹಣ್ಣು ನೆನೆಸಿಕೊಂಡು ಕೆಳಗಿಳಿದೆ. ಪಕ್ಕದ ಮನೆಯಾಕೆ ಜರುಗಿ ಜಾಗ ಕೊಟ್ಟರು, ಮಗುವಿನ ಹೆಸರಿನ ಫಲಕ ನನ್ನ ಪಾಲಿಗೆ ಬಂತು. ಈ ನವೆಂಬರಿನಲ್ಲಿ ನೀನೂ ಬಾ, ಆಮೇಲೆ ನಮ್ಮಲ್ಲೇ ಊಟ ಮಾಡಿಕೊಂಡು ಹೋಗುವೆಯಂತೆ.