ಅಂಚು ಎದ್ದು ಕಾಣುವುದೇಕೆ?

ಪ್ರಶ್ನೆ: 2011ರಲ್ಲಿ ಅಮೆರಿಕದ ಸೈಫೈ ವಾಹಿನಿಯಲ್ಲಿ ಶುರುವಾದ ‘ಫೇಸ್ ಆಫ್’ ಮೇಕಪ್ ಸ್ಪರ್ಧೆಯಲ್ಲಿ, ಮುಖಕ್ಕೆ ಅಂಟಿಸಿದ ಕೃತಕ ತುಂಡಿನ (ಪ್ರಾಸ್ಥೆಟಿಕ್) ಅಂಚು ಕಂಡರೆ ತೀರ್ಪುಗಾರರು ತಪ್ಪದೆ ಹೇಳುತ್ತಿದ್ದರು. ಅಂಚು ಚರ್ಮದಲ್ಲಿ ಬೆರೆಯಬೇಕಾದರೆ ಏನು ಮಾಡಬೇಕು?

ಉತ್ತರ: ಅಂಚು ಕೆಡುವುದು ಅಂಟಿಸುವಾಗಲ್ಲ, ಬಹುಪಾಲು ಅಚ್ಚಿನಲ್ಲೇ. ಜೇಡಿಯಲ್ಲಿ ಆಕಾರ ಮಾಡುವಾಗ ಕೊನೆ ಕಾಗದಕ್ಕಿಂತ ತೆಳುವಾಗಿ ಇಳಿಯಬೇಕು. ಅಚ್ಚಿನ ಎರಡು ಭಾಗ ಬಿಗಿಯಾಗಿ ಕೂರದಿದ್ದರೆ ಅಂಚು ದಪ್ಪವಾಗುತ್ತದೆ. ಆಮೇಲೆ ಯಾವ ಬಣ್ಣವೂ ಅದನ್ನು ಮುಚ್ಚದು. ಗಡಿಯಾರ ಓಡುತ್ತಿರುವ ಸ್ಪರ್ಧೆಯಲ್ಲಿ ಅವಸರಕ್ಕೆ ಬಲಿಯಾಗುವ ಕೆಲಸ ಇದೇ.

ಅಂಟಿಸುವ ಮೊದಲು ಚರ್ಮದ ಎಣ್ಣೆಯನ್ನು ಆಲ್ಕೋಹಾಲ್‌ನಿಂದ ಒರೆಸಿ, ಕಣ್ಣಿನ ಹತ್ತಿರ ಬೇಡ. ಪ್ರೋಸ್-ಏಡ್ ಅಂಟನ್ನು ತೆಳುವಾಗಿ ಬಳಿದು, ಅದರ ಬಿಳಿ ಬಣ್ಣ ಹೋಗಿ ಪಾರದರ್ಶಕವಾಗುವವರೆಗೆ ಕಾಯಿರಿ. ಹಸಿಯಿದ್ದಾಗಲೇ ಒತ್ತಿದರೆ ತುಂಡು ಜಾರುತ್ತದೆ. ಮೂಗಿನಿಂದ ಶುರುಮಾಡಿ ಹೊರಗೆ ಸಾಗಿ, ಅಂಚನ್ನು ಕೊನೆಗೆ ಒತ್ತಿ. ಮೊದಲೇ ಅಂಚು ಹಿಡಿದರೆ ನಡುವೆ ಗಾಳಿಗುಳ್ಳೆ ಉಳಿಯುತ್ತದೆ.

ಫೋಮ್ ಲೇಟೆಕ್ಸ್ (ನೊರೆಯಂಥ ಮೆತ್ತನೆ ರಬ್ಬರ್) ತುಂಡಿನ ಅಂಚು ಕರಗಿ ಚರ್ಮದಲ್ಲಿ ಬೆರೆಯುವುದಿಲ್ಲ. ಹಾಗಾಗಿ ಪ್ರೋಸ್-ಏಡ್‌ಗೆ ಕ್ಯಾಬೊಸಿಲ್ ಪುಡಿ (ಅಂಟನ್ನು ಗಟ್ಟಿಯಾಗಿಸುವ ನಯವಾದ ಸಿಲಿಕಾ) ಬೆರೆಸಿ ಬೆಣ್ಣೆಯ ಹದಕ್ಕೆ ತಂದು, ಒದ್ದೆ ಬ್ರಷ್‌ನಿಂದ ಸಂದಿಗೆ ಸವರಿ. ಒಣಗಿದ ಮೇಲೆ ಪೌಡರ್ ಹಾಕದಿದ್ದರೆ ಜಿಗುಟು ಹಾಗೇ ಉಳಿಯುತ್ತದೆ. ತೆಗೆಯುವಾಗ ಎಳೆಯಲೇಬೇಡಿ, ಅಂಟು ಬಿಡಿಸುವ ರಿಮೂವರ್‌ನಲ್ಲಿ ಅದ್ದಿದ ಬ್ರಷ್ಷನ್ನು ತುಂಡಿನ ಕೆಳಗೆ ತೂರಿಸುತ್ತಾ ನಿಧಾನವಾಗಿ ಬಿಡಿಸಿ.