ಎಂಟನೇ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ಜೀವನ ಕೌಶಲ, ಸೃಜನಶೀಲತೆ ಕಲಿಸುವುದು ಹೇಗೆ?

ಈ ವರ್ಷವಷ್ಟೇ ಪ್ರೌಢಶಾಲೆಗೆ ಶಿಕ್ಷಕರಾಗಿ ಸೇರಿದ್ದೀರಿ, ಎಂಟನೇ ತರಗತಿಯ ಹೊಸ ಮಕ್ಕಳಿಗೆ ವಾರಕ್ಕೊಂದು ಪೀರಿಯಡ್ ಜೀವನ ಕೌಶಲ ಅಂತ ವಹಿಸಿದ್ದಾರೆ, ಎಲ್ಲಿಂದ ಶುರು ಮಾಡಲಿ, ಅಂಕ ಕೊಡಬೇಕೇ ಎಂದು ಕೇಳಿದ್ದೀರಿ. ನಾನು ಬೇಲೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಈ ಪೀರಿಯಡ್ ನನ್ನ ಪಾಲಿಗೂ ಬಂದಿತ್ತು, ಆಮೇಲೆ ನಾನೇ ಕೇಳಿ ಇಟ್ಟುಕೊಂಡೆ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತು ಜೀವನ ಕೌಶಲಗಳನ್ನು ಪಟ್ಟಿ ಮಾಡಿತು. ತನ್ನನ್ನು ತಾನು ಅರಿಯುವುದು, ಪರಾನುಭೂತಿ (ಇನ್ನೊಬ್ಬರ ಜಾಗದಲ್ಲಿ ನಿಂತು ಅವರ ಮನಸ್ಸು ಅರಿಯುವುದು), ತೀರ್ಮಾನ ತೆಗೆದುಕೊಳ್ಳುವುದು, ಸೃಜನಶೀಲ ಚಿಂತನೆ, ಒತ್ತಡ ನಿಭಾಯಿಸುವುದು, ಹೀಗೆ. ನಾನು ಹತ್ತನ್ನೂ ಬೋರ್ಡಿನ ಮೇಲೆ ಬರೆದು, ಅರ್ಥ ಬರೆಸಿ, ಕಿರುಪರೀಕ್ಷೆ ಕೊಟ್ಟೆ. ‘ಪರಾನುಭೂತಿ ಎಂದರೇನು’ ಎಂಬ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲರೂ ಸರಿ ಬರೆದಿದ್ದರು. ಅದೇ ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ, ಕಾಫಿ ಎಸ್ಟೇಟಿನ ಕಾರ್ಮಿಕರ ಲೈನ್ ಮನೆಯಿಂದ ಬಂದು ಸೇರಿ ನಾಲ್ಕು ದಿನವಾಗಿದ್ದ ಹುಡುಗನೊಬ್ಬ ಕಂಬಕ್ಕೆ ಒರಗಿ ಒಬ್ಬನೇ ಉಣ್ಣುತ್ತಿದ್ದ. ಪೂರ್ತಿ ಅಂಕ ತಗೊಂಡಿದ್ದ ಮಕ್ಕಳು ಅವನಿಂದ ಎರಡು ಮಾರು ದೂರದಲ್ಲಿ ಗುಂಪು ಕೂತಿದ್ದರು. ಅವರು ಕೆಟ್ಟ ಮಕ್ಕಳಲ್ಲ. ನಾನು ಅವರಿಗೆ ಪದ ಕೊಟ್ಟಿದ್ದೆ, ಸಂದರ್ಭ ಕೊಟ್ಟಿರಲಿಲ್ಲ.

ಅಂದಿನಿಂದ ನಾನು ಒಂದೇ ನಿಯಮ ಇಟ್ಟುಕೊಂಡಿದ್ದೇನೆ: ಮಕ್ಕಳ ಮುಂದೆ ನಿಜವಾದ ಕೆಲಸ ಇಡುವುದು. ಅವರು ತೀರ್ಮಾನ ಮಾಡಿದರೆ ಶಾಲೆಯಲ್ಲಿ ಏನಾದರೂ ಬದಲಾಗುವಂಥ ಕೆಲಸ.

ಜೂನ್‌ನಲ್ಲಿ ಸೇತುಬಂಧದ ದಿನಗಳಲ್ಲೇ, ಅಂದರೆ ಹಿಂದಿನ ತರಗತಿಯ ಪಾಠ ನೆನಪಿಸುವ ಮೊದಲ ದಿನಗಳಲ್ಲೇ, ಶುರು ಮಾಡಿ. ಏಳನೇ ತರಗತಿಯವರೆಗೆ ಹತ್ತು ಹನ್ನೆರಡು ಮಕ್ಕಳ ತರಗತಿಯಲ್ಲಿ ಓದಿದ ಮಗು ಒಮ್ಮೆಗೇ ಐವತ್ತು ಜನರ ನಡುವೆ ಬಂದು ಕೂರುತ್ತದೆ. ಶೌಚಾಲಯ ಎಲ್ಲಿ, ನೀರು ಎಲ್ಲಿ ಎಂದು ಕೇಳಲೂ ನಾಚಿಕೆ. ನಾನು ಇಬ್ಬಿಬ್ಬರಿಗೆ ಒಂದು ಹಾಳೆ ಕೊಟ್ಟು, ‘ಮುಂದಿನ ವರ್ಷ ಬರುವ ಹೊಸಬರಿಗೆ ಈ ಶಾಲೆಯ ನಕ್ಷೆ ಬರೆಯಿರಿ, ನಿಮಗೆ ಮೊದಲ ದಿನ ಗೊತ್ತಿರಬೇಕಿತ್ತು ಅನ್ನಿಸಿದ್ದನ್ನೆಲ್ಲ ಅದರಲ್ಲಿ ಗುರುತು ಮಾಡಿ’ ಅನ್ನುತ್ತೇನೆ. ಜೋಡಿಯಲ್ಲಿ ಒಂದೇ ಊರಿನವರು ಇರಬಾರದು. ಹೆಣ್ಣುಮಕ್ಕಳ ಒಂದು ನಕ್ಷೆಯಲ್ಲಿ ‘ಪ್ಯಾಡ್ ಬೇಕಾದರೆ ಈ ಮೇಡಂ ಹತ್ತಿರ ಕೇಳಬಹುದು, ಬೈಯಲ್ಲ’ ಎಂದು ಬಾಣ ಹಾಕಿ ಬರೆದಿತ್ತು. ಯಾವ ಕೈಪಿಡಿ ನೋಡಿದ್ದರೂ ಆ ವಾಕ್ಯ ನನಗೆ ಹೊಳೆಯುತ್ತಿರಲಿಲ್ಲ. ಆ ನಕ್ಷೆಗಳನ್ನು ಎತ್ತಿಟ್ಟು, ಮರು ವರ್ಷದ ಮಕ್ಕಳಿಗೆ ನಿಜವಾಗಿಯೂ ಕೊಡಬೇಕು. ಕೊಡದಿದ್ದರೆ ಅದೂ ಒಂದು ಹೋಂವರ್ಕ್ ಆಗಿಬಿಡುತ್ತದೆ.

ಇನ್ನೊಂದು ವರ್ಷ ಸಂಜೆಯ ವಿಶೇಷ ತರಗತಿ ಮುಗಿಯುವಷ್ಟರಲ್ಲಿ ಅರೇಹಳ್ಳಿ ಕಡೆಯ ಮಕ್ಕಳ ಬಸ್ಸು ಹೋಗಿಬಿಡುತ್ತಿತ್ತು. ಈ ಸಮಸ್ಯೆಯನ್ನೇ ತರಗತಿಗೆ ಕೊಟ್ಟೆ. ಮೊದಲು ಮನವಿ ಪತ್ರ ಬರೆದರು, ಉತ್ತರ ಬರಲಿಲ್ಲ. ಆಮೇಲೆ ಬೇಲೂರಿನ ಹುಡುಗರು ಸುಲಭದ ದಾರಿ ಹುಡುಕಿದರು: ತರಗತಿಯನ್ನು ಬೆಳಿಗ್ಗೆ ಬೇಗ ಇಟ್ಟುಕೊಳ್ಳೋಣ. ಎಲ್ಲರೂ ಕೈ ಎತ್ತಿದರು. ನಾನೂ ಒಪ್ಪುವುದರಲ್ಲಿದ್ದೆ. ಆದರೆ ‘ಯಾರಿಗಾದರೂ ಆಗಲ್ವಾ?’ ಎಂದು ಕೇಳಿ ಸುಮ್ಮನೆ ನಿಂತೆ. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಎರಡು ತಿಂಗಳಿಂದ ಹಾಜರಿಗೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ಬಿಡದಿದ್ದ ಹುಡುಗಿ ಎದ್ದು, ‘ನಮ್ ತೋಟದಲ್ಲಿ ಬೆಳಗಿನ ಹೊತ್ತು ಆನೆ ಇರ್ತವೆ ಮಿಸ್, ಬೆಳಕಾಗದೆ ಹೊರಡಕ್ಕೆ ಅಪ್ಪ ಬಿಡಲ್ಲ’ ಅಂದಳು. ಕೈ ಎತ್ತಿದ್ದವರೆಲ್ಲ ಮೆಲ್ಲಗೆ ಇಳಿಸಿದರು. ಕೊನೆಗೆ ಅವರೇ ಕೂತು ಬಿಸಿಯೂಟದ ನಂತರದ ಅರ್ಧ ಗಂಟೆ ಹುಡುಕಿದರು, ಮುಖ್ಯ ಶಿಕ್ಷಕರ ಹತ್ತಿರ ಹೋಗಿ ಒಪ್ಪಿಸಿದ್ದೂ ಅವರೇ. ಆ ಹುಡುಗಿಗೆ ಸಂವಹನ ಕೌಶಲದ ಪಾಠ ನಾನು ಮಾಡಿರಲಿಲ್ಲ. ಅವಳು ಮಾತಾಡದಿದ್ದರೆ ಅವಳಿಗೇ ತರಗತಿ ತಪ್ಪುತ್ತಿತ್ತು, ಅದಕ್ಕೆ ಮಾತು ಬಂತು. ನೀವು ಮಾಡಬೇಕಾದ್ದು, ಪ್ರಶ್ನೆ ಕೇಳಿದ ಮೇಲೆ ಆ ಮೌನವನ್ನು ತಡೆದುಕೊಳ್ಳುವುದು. ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ. ಮಗು ತುಳುವೋ ತಮಿಳೋ ಬೆರೆಸಿ ಮಾತಾಡಿದರೆ ಆಗ ತಿದ್ದಲು ಹೋಗಬೇಡಿ.

ಸೃಜನಶೀಲತೆ ಅಂದರೆ ‘ನಿಮಗಿಷ್ಟ ಬಂದದ್ದು ಬರೆಯಿರಿ’ ಎನ್ನುವುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಂದರೆ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ ಬರುತ್ತದೆ, ಅಷ್ಟೇ. ನನ್ನ ಅನುಭವದಲ್ಲಿ ಕಟ್ಟು ಬಿಗಿಯಾದಷ್ಟೂ ಮಕ್ಕಳ ತಲೆ ಓಡುತ್ತದೆ. ನಮಗೆ ಪಕ್ಕದಲ್ಲೇ ಚೆನ್ನಕೇಶವ ದೇವಾಲಯ ಇದೆ, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅಲ್ಲಿಗೆ ಕರೆದುಕೊಂಡು ಹೋಗಿ ಮದನಿಕೆಯರನ್ನು ತೋರಿಸುವ ಮೊದಲು ಬುಡದ ಆನೆ ಸಾಲಿನ ಮುಂದೆ ನಿಲ್ಲಿಸುತ್ತೇನೆ. ಒಂದು ಆನೆಯಂತೆ ಇನ್ನೊಂದಿಲ್ಲ ಎಂದು ಗೈಡ್‌ಗಳು ಹೇಳುತ್ತಾರೆ. ‘ನಂಬಬೇಡಿ, ಪರೀಕ್ಷೆ ಮಾಡಿ, ಒಂದೇ ಥರದ ಎರಡು ಆನೆ ಹುಡುಕಿ’ ಅನ್ನುತ್ತೇನೆ. ನಾಲ್ಕು ನಾಲ್ಕು ಮಕ್ಕಳು ಒಂದೊಂದು ತುಂಡು ಹಂಚಿಕೊಂಡು ಮಂಡಿಯೂರಿ ನೋಡುತ್ತಾರೆ. ಸೊಂಡಿಲು, ಬಾಲ, ಎತ್ತಿದ ಕಾಲು, ಗಂಟೆ. ಅಷ್ಟೇ ಎತ್ತರದ ಪಟ್ಟಿ, ಅದೇ ಪ್ರಾಣಿ, ಅದೇ ಬಳಪದ ಕಲ್ಲು. ಅದರೊಳಗೇ ಶಿಲ್ಪಿ ಎಲ್ಲಿ ಜಾಗ ಹುಡುಕಿಕೊಂಡ ಎಂದು ಅವರಿಗೇ ಕಾಣಿಸುತ್ತದೆ. ಮರುದಿನ ತರಗತಿಯಲ್ಲಿ ಎರಡು ಇಂಚು ಅಗಲದ ಕಾಗದದ ಪಟ್ಟಿ, ಆರು ಆನೆ, ಒಂದರಂತೆ ಇನ್ನೊಂದು ಇರಕೂಡದು. ಮೂರನೆಯ ಆನೆವರೆಗೆ ಗದ್ದಲ, ನಾಲ್ಕನೆಯದಕ್ಕೆ ತರಗತಿ ಪೂರಾ ನಿಶ್ಶಬ್ದ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿದ ಹಾಗೆ, ಪಟ್ಟಿಯ ಕೆಳಗೆ ಮಕ್ಕಳೂ ತಮ್ಮ ಹೆಸರು, ಊರು ಬರೆಯುತ್ತಾರೆ.

ಕೈಪಿಡಿ ಬೇಕೆಂದರೆ ಪ್ರೌಢಶಾಲೆಯ ಮಕ್ಕಳಿಗೆಂದೇ ನಿಮ್ಹಾನ್ಸ್ ತಯಾರಿಸಿದ್ದು ಇದೆ, ಚಟುವಟಿಕೆಗಳು ಚೆನ್ನಾಗಿವೆ. ಇಂಥ ಪೀರಿಯಡ್‌ನಲ್ಲಿ ಮಕ್ಕಳು ಮನಸ್ಸು ಬಿಚ್ಚುತ್ತಾರೆ, ಕೆಲವೊಮ್ಮೆ ಮನೆಯ ಹಿಂಸೆಯ ಮಾತೂ ಬರುತ್ತದೆ. ಅದನ್ನು ತರಗತಿಯ ಚರ್ಚೆ ಮಾಡಬೇಡಿ. ಮಗುವನ್ನು ಬೇರೆ ಕೂರಿಸಿ ಕೇಳಿ, ಮಕ್ಕಳ ಸಹಾಯವಾಣಿ 1098 ಇದೆ ಎಂಬುದು ಎಲ್ಲ ಮಕ್ಕಳಿಗೂ ಬಾಯಿಪಾಠ ಆಗಿರಲಿ.

ಅಂಕ ಕೊಡಬೇಡಿ. ದಾಖಲೆ ಕೇಳುತ್ತಾರೆ, ಅದು ನಿಜ. ನಾನು ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿಗೆ ಒಂದು ಪುಟ ಬಿಟ್ಟು, ಏನಾದರೂ ಹೊಸದು ಕಂಡ ದಿನ ತಾರೀಖು ಹಾಕಿ ಒಂದೇ ಸಾಲು ಬರೆಯುತ್ತೇನೆ. ಕಂಬಕ್ಕೆ ಒರಗಿ ಕೂತಿದ್ದ ಆ ಹುಡುಗನ ಪುಟದಲ್ಲಿ ಮೊದಲ ಸಾಲು ಆಗಸ್ಟ್‌ನಲ್ಲಿ ಬಿದ್ದಿದ್ದು: ‘ಇವತ್ತು ಪಕ್ಕದವನ ತಟ್ಟೆಗೆ ಸಾರು ಬಡಿಸಿದ.’