ಗೋಡೆಗೆ ನಗುವ ಫೋಟೋ ಆಗುತ್ತಾ?

ಎರಡು ಸಂಚಿಕೆಗಳ ಹಿಂದೆ ಈ ಪತ್ರಿಕೆಯಲ್ಲಿ ನಾನು ತೆಗೆದ ಹತ್ತು ಫೋಟೋಗಳು ಬಂದಿದ್ದವು. ಚನ್ನರಾಯಪಟ್ಟಣದ ಹತ್ತಿರದ ನಮ್ಮ ಊರಿನ ವಯಸ್ಸಾದವರ ಫೋಟೋಗಳು. ನಾನು ಮೈಸೂರಿನಲ್ಲಿ ದೃಶ್ಯಕಲೆ ಪದವಿಯ ಕೊನೇ ವರ್ಷದಲ್ಲಿದ್ದೇನೆ. ಫೋಟೋಗ್ರಫಿ ನನ್ನ ವಿಷಯ. ಆ ಚಿತ್ರಗಳನ್ನು ನೋಡಿ ನೀವು ಬರೆದ ಪತ್ರಗಳನ್ನೆಲ್ಲ ಸಂಪಾದಕರು ನನಗೆ ಕಳಿಸಿದರು. ಹಾಸ್ಟೆಲ್ ಮಂಚದ ಮೇಲೆ ಹರಡಿಕೊಂಡು ಒಂದೊಂದನ್ನೂ ಓದಿದೆ. ಎಲ್ಲಕ್ಕೂ ಇಲ್ಲಿ ಜಾಗವಿಲ್ಲ. ಹಲವರು ಕೇಳಿದ ಪ್ರಶ್ನೆಗಳನ್ನು ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ ಫೋಟೋಗ್ರಫಿ ಓದುವ ಆಸೆ. "ಎಲ್ಲರ ಜೇಬಲ್ಲೂ ಕ್ಯಾಮೆರಾ ಇದೆ, ಅದನ್ನು ನಾಲ್ಕು ವರ್ಷ ಕೂತು ಏನು ಕಲಿಯುತ್ತೀಯ?" ಅಂತ ಅಪ್ಪ ಕೇಳುತ್ತಾರೆ. ಏನು ಹೇಳಲಿ?
— ದ್ವಿತೀಯ ಪಿಯು ವಿದ್ಯಾರ್ಥಿ, ಹಾವೇರಿ

ನನ್ನ ಅಪ್ಪನೂ ಇದನ್ನೇ ಕೇಳಿದ್ದರು. ಅವರದು ಕೊಬ್ಬರಿ ವ್ಯಾಪಾರ. ಅಟ್ಟದಿಂದ ಇಳಿಸಿದ ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಉಂಡೆ ಬಿಟ್ಟುಕೊಂಡಿದೆಯಾ ಇಲ್ಲವಾ ಅಂತ ಸದ್ದಿನಲ್ಲೇ ಹೇಳುತ್ತಾರೆ. "ಅಪ್ಪ, ನಮ್ಮನೇಲಿ ಎಲ್ಲರಿಗೂ ಕಿವಿ ಇದೆ. ನಿಮಗೆ ಕೇಳಿಸೋದು ನನಗೆ ಯಾಕೆ ಕೇಳಿಸಲ್ಲ?" ಎಂದೆ. ಅವರು ಉತ್ತರ ಕೊಡಲಿಲ್ಲ. ಮಾರನೇ ದಿನ ಅರ್ಜಿಗೆ ದುಡ್ಡು ಕೊಟ್ಟರು.

ಮೊದಲ ವರ್ಷ ನಾವು ಕ್ಯಾಮೆರಾ ಮುಟ್ಟಿದ್ದೇ ಕಡಿಮೆ. ಪೆನ್ಸಿಲ್, ಇದ್ದಿಲು, ಜೇಡಿಮಣ್ಣು. ಒಂದು ಹಿತ್ತಾಳೆ ಚೊಂಬನ್ನು ಕಿಟಕಿ ಪಕ್ಕ ಇಟ್ಟು, ಬೆಳಗ್ಗೆಯಿಂದ ಸಂಜೆವರೆಗೆ ಗಂಟೆಗೊಂದು ಸಲ ಬರೆಯಲು ಹೇಳಿದರು. ಮೂರನೇ ದಿನದ ಹೊತ್ತಿಗೆ ನನ್ನ ಕಣ್ಣು ಚೊಂಬನ್ನು ಬಿಟ್ಟು ಅದರ ನೆರಳನ್ನು ನೋಡಲು ಶುರುಮಾಡಿತ್ತು. ಹತ್ತು ಗಂಟೆಯ ನೆರಳಿನ ಅಂಚು ಹರಿತ, ಮೋಡ ಬಂದಾಗ ಮೆತ್ತಗೆ, ಸಂಜೆ ಅದರ ಹೊಟ್ಟೆಯೊಳಗೆ ನೆಲದ ಕೆಂಪು ಬಣ್ಣ. ಇವತ್ತಿಗೂ ಯಾರದಾದರೂ ಮನೆಗೆ ಹೋದರೆ ಮೊದಲು ನೋಡೋದು ಬೆಳಕು ಎಲ್ಲಿಂದ ಬರುತ್ತಿದೆ ಅಂತಲೇ.

ಓದಲು ಜಾಗ ಎಲ್ಲಿದೆ ಅಂತಲೂ ಕೇಳಿದ್ದೀರಿ. ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿನಲ್ಲಿ ಫೋಟೋಗ್ರಫಿ ಮತ್ತು ಫೋಟೋ ಜರ್ನಲಿಸಂ ವಿಭಾಗವಿದೆ. ಪದವಿ ಮುಗಿಸಿದ ಮೇಲೆ ಮುಂದೆ ಓದೋದಾದರೆ ಗುಜರಾತಿನ ಗಾಂಧಿನಗರದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿಯಲ್ಲಿ ಫೋಟೋಗ್ರಫಿ ಡಿಸೈನ್ ಇದೆ. ಖಾಸಗಿ ಸಂಸ್ಥೆಗಳೂ ಇವೆ, ಆದರೆ ಶುಲ್ಕ ವಿಚಾರಿಸಿಕೊಂಡೇ ಮುಂದೆ ಹೋಗಿ. ಓದು ಮುಗಿದ ಕೂಡಲೇ ಕೆಲಸ ಸಿಗುತ್ತದೆ ಎಂದು ಅಪ್ಪನಿಗೆ ಸುಳ್ಳು ಹೇಳಬೇಡಿ. ನನ್ನ ಸೀನಿಯರ್‌ಗಳಲ್ಲಿ ಒಬ್ಬರು ಪತ್ರಿಕೆಯಲ್ಲಿದ್ದಾರೆ, ಒಬ್ಬರು ಆಭರಣದ ಕ್ಯಾಟಲಾಗ್ ಮಾಡುತ್ತಾರೆ, ಒಬ್ಬರು ಹಳೇ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸದಲ್ಲಿದ್ದಾರೆ. ಇಬ್ಬರು ಇನ್ನೂ ಹುಡುಕುತ್ತಿದ್ದಾರೆ.

ಪ್ರಶ್ನೆ: ಯಾವ ಕ್ಯಾಮೆರಾ ತೆಗೆದುಕೊಳ್ಳಲಿ?
— ಹದಿನಾಲ್ಕು ಪತ್ರಗಳು, ಬೇರೆ ಬೇರೆ ಊರುಗಳಿಂದ

ಮೊದಲು ಮೊಬೈಲ್‌ನಲ್ಲೇ ಒಂದು ವಿಷಯ ಹಿಡಿದು ಆರು ತಿಂಗಳು ತೆಗೆಯಿರಿ. ಆಮೇಲೂ ಕ್ಯಾಮೆರಾ ಬೇಕು ಅನಿಸಿದರೆ ಬಳಸಿದ್ದನ್ನೇ ಕೊಳ್ಳಿ. ನನ್ನದೂ ಸೆಕೆಂಡ್ ಹ್ಯಾಂಡ್. ಲೆನ್ಸ್ ಬಗ್ಗೆ ಮಾತ್ರ ಒಂದು ಮಾತು. ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಎಲ್ಲರೂ 50 ಎಂಎಂ ಹೇಳುತ್ತಾರೆ. ಒಳ್ಳೇ ಲೆನ್ಸೇ. ಆದರೆ ಸಣ್ಣ ಸೆನ್ಸರ್‌ನ ಕ್ಯಾಮೆರಾದಲ್ಲಿ ಅದು ಹೆಚ್ಚುಕಡಿಮೆ 75 ಎಂಎಂ ಥರ ಕಾಣುತ್ತದೆ. ಅಂದರೆ ಎಲ್ಲವೂ ಹತ್ತಿರ ಬಂದ ಹಾಗೆ, ಪೂರ್ತಿ ಹಿಡಿಯಲು ಹಿಂದೆ ಸರಿಯಬೇಕು. ನಮ್ಮ ಹಳ್ಳಿ ಮನೆಗಳ ಹಜಾರದಲ್ಲಿ ಹಿಂದೆ ಸರಿಯಲು ಜಾಗವೇ ಇರೋದಿಲ್ಲ. ಮನೆಯೊಳಗೆ ಜನರನ್ನು ತೆಗೆಯೋದಾದರೆ 35 ಎಂಎಂ ನೋಡಿ.

ಪ್ರಶ್ನೆ: ಆ ಅಜ್ಜಿಯರು ನಿಮ್ಮ ಮುಂದೆ ಅಷ್ಟು ಆರಾಮಾಗಿ ಹೇಗೆ ಕೂತರು? ನಾನು ಕ್ಯಾಮೆರಾ ಎತ್ತಿದರೆ ಸಾಕು, ನಮ್ಮೂರವರು ಕಂಬದ ಹಾಗೆ ನಿಲ್ಲುತ್ತಾರೆ. ಅವರನ್ನು ತೆಗೆಯಲು ನಮಗೇನು ಹಕ್ಕಿದೆ ಎನ್ನುವ ಅಳುಕೂ ಇದೆ.
— ಮಾಧ್ಯಮ ವಿದ್ಯಾರ್ಥಿನಿ, ಚಿತ್ರದುರ್ಗ

ಇದು ಶುರುವಾಗಿದ್ದು ನನ್ನ ಅಜ್ಜಿ ತೀರಿಕೊಂಡಾಗ. ಹನ್ನೊಂದನೇ ದಿನಕ್ಕೆ ಫೋಟೋ ಬೇಕಿತ್ತು. ಪೆಟ್ಟಿಗೆ, ಬೀರು, ದೇವರ ಮನೆ, ಎಲ್ಲ ಕಡೆ ಹುಡುಕಿದೆವು. ಸಿಕ್ಕಿದ್ದು ಮತದಾರರ ಗುರುತಿನ ಚೀಟಿ ಒಂದೇ. ಪಟ್ಟಣದ ಒಂದು ಸ್ಟುಡಿಯೋದಲ್ಲಿ ಅದನ್ನೇ ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ಬಳಿದು, ಅಜ್ಜಿ ಯಾವತ್ತೂ ಉಡದ ರೇಷ್ಮೆ ಸೀರೆಯನ್ನು ಕತ್ತಿನ ಕೆಳಗೆ ಜೋಡಿಸಿ ಕೊಟ್ಟರು. ಅದು ನಮ್ಮ ಅಜ್ಜಿ ಅಲ್ಲ ಅಂತ ತಮ್ಮ ಅತ್ತ. ಆ ಹೊತ್ತಿಗೆ ನಾನು ಎರಡು ವರ್ಷ ಫೋಟೋಗ್ರಫಿ ಓದಿದ್ದೆ. ದೇವರಾಜ ಮಾರುಕಟ್ಟೆಯ ಕುಂಕುಮದ ರಾಶಿ, ಹೂವಿನವರು, ಬಾಳೆಗೊನೆ ಹೊತ್ತವರು, ಎಲ್ಲರೂ ನನ್ನ ಹಾರ್ಡ್ ಡಿಸ್ಕ್‌ನಲ್ಲಿದ್ದರು. ಅಜ್ಜಿಯದು ಒಂದೂ ಇರಲಿಲ್ಲ.

ಆ ರಜೆಯಲ್ಲಿ ಊರಿನ ಮನೆಮನೆಗೆ ಹೋದೆ. ಮೊದಲ ವಾರ ಕ್ಯಾಮೆರಾ ಒಯ್ಯಲಿಲ್ಲ. ಅವರೆಕಾಯಿ ಕಾಲ. ಜಗುಲಿ ಮೇಲೆ ಕೂತು ಅವರ ಜೊತೆ ಕಾಯಿ ಸುಲಿದೆ, ಗೋಡೆ ಮೇಲಿನ ಫೋಟೋಗಳಲ್ಲಿ ಯಾರ್‍ಯಾರಿದ್ದಾರೆ ಅಂತ ಕೇಳಿದೆ. ಎಷ್ಟೋ ಮನೆಗಳಲ್ಲಿ ಗಂಡಸರ ಫೋಟೋ ಇತ್ತು, ಹೆಂಗಸರದು ಇರಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಮ್ಮಿ ಆಗುತ್ತೆ ಅಂತ ಅವರ ಕಾಲದಲ್ಲಿ ಹೆದರಿಸುತ್ತಿದ್ದರಂತೆ. ಎರಡನೇ ವಾರ ನನ್ನ ಆಸೆ ಹೇಳಿದಾಗ ಒಬ್ಬ ಅಜ್ಜಿ ನೇರವಾಗಿ ಕೇಳಿದರು, "ನಾನು ಸತ್ತ ಮೇಲೆ ಹಾಕೋಕಾ ಮಗಾ?" ನನಗೆ ಗಂಟಲು ಕಟ್ಟಿತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೂಂ ಅಜ್ಜಿ, ಅದಕ್ಕೂ ಆಗುತ್ತೆ. ನಮ್ಮಜ್ಜಿದು ಇರಲಿಲ್ಲ" ಎಂದೆ. ಅವರು ಎದ್ದು ಒಳಗೆ ಹೋದರು. ಬೇಜಾರಾಯಿತು ಅಂದುಕೊಂಡೆ. ತಲೆ ಬಾಚಿ, ಹಣೆಗೆ ವಿಭೂತಿ ಇಟ್ಟುಕೊಂಡು ವಾಪಸ್ ಬಂದರು.

ಒಬ್ಬೊಬ್ಬರಿಗೂ ಮೂರು ಪ್ರಶ್ನೆ ಕೇಳುತ್ತಿದ್ದೆ. ಎಲ್ಲಿ ಕೂರುತ್ತೀರಿ? ಏನು ಉಡುತ್ತೀರಿ? ಇದನ್ನು ಯಾರ್‍ಯಾರು ನೋಡಬಹುದು? ಉತ್ತರಗಳನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಜಾಗ ಅವರೇ ಹೇಳಿದ್ದರಿಂದ ಕಂಬದ ಹಾಗೆ ನಿಲ್ಲುವ ತೊಂದರೆ ಅರ್ಧ ಹೋಯಿತು. ಒಬ್ಬರು ಹಸುವಿನ ಕತ್ತು ತಬ್ಬಿ ನಿಂತರು. ಒಬ್ಬರು ಗಂಡನ ಫೋಟೋವನ್ನು ಗೋಡೆಯಿಂದ ಇಳಿಸಿ, ಸೆರಗಲ್ಲಿ ಒರೆಸಿ, ಮಡಿಲಲ್ಲಿ ಇಟ್ಟುಕೊಂಡರು. ಇನ್ನೊಬ್ಬರು ಪಕ್ಕದ ಮನೆಯಿಂದ ಸರ ಇಸ್ಕೊಂಡು ಬಂದರು. ಹೊರಗಡೆ ತೋರಿಸಬೇಡ ಅಂತ ಇಬ್ಬರು ಹೇಳಿದರು. ಅವರ ಚಿತ್ರಗಳು ಈ ಪತ್ರಿಕೆಯಲ್ಲಿ ಬಂದಿಲ್ಲ, ನನ್ನ ಕಾಲೇಜಿನ ಗೋಡೆ ಮೇಲೂ ಬರುವುದಿಲ್ಲ. ಉಳಿದವರಿಗೂ ಅಚ್ಚಾಗುವ ಮುಂಚೆ ಇನ್ನೊಂದು ಸಲ ತೋರಿಸಿ ಕೇಳಿದ್ದೇನೆ.

ಬೆಳಕು ಯಾವುದು ಅಂತ ಬಹಳ ಜನ ಕೇಳಿದ್ದೀರಿ. ತಲೆಬಾಗಿಲಿನದು, ಅಷ್ಟೇ. ಹೊಸಲಿನಿಂದ ಎರಡು ಹೆಜ್ಜೆ ಒಳಗೆ ಕೂರಿಸಿದರೆ ಒಂದು ಕಡೆಯಿಂದ ಮೆತ್ತನೆ ಬೆಳಕು ಬೀಳುತ್ತದೆ. ಇನ್ನೊಂದು ಕಡೆ ತುಂಬಾ ಕಪ್ಪಾದರೆ, ಬೆಳಕು ತಿರುಗಿ ಬೀಳಲಿ ಅಂತ ಆ ಕಡೆ ಒಂದು ಬಿಳಿ ಪಂಚೆಯನ್ನು ಹಗ್ಗದ ಮೇಲೆ ಹರವುತ್ತಿದ್ದೆ. ಇನ್ನೊಂದು ವಿಷಯ ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಕ್ಯಾಮೆರಾ ತನ್ನಷ್ಟಕ್ಕೆ ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ಎಳೆಯುತ್ತದೆ. ಮಸಿ ಹಿಡಿದ ಗೋಡೆಯ ಮುಂದೆ ಕಪ್ಪಗಿನ ಅಜ್ಜಿ ಕೂತರೆ ಗೋಡೆಯೂ ಮುಖವೂ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತವೆ. ಒಂದು ಸ್ಟಾಪ್‌ನಷ್ಟು ಇಳಿಸಿ, ಅಂದರೆ ಕ್ಯಾಮೆರಾಗೆ ಬೀಳುವ ಬೆಳಕನ್ನು ಅರ್ಧ ಮಾಡಿ ತೆಗೆಯಿರಿ. ಅವರ ಬಣ್ಣ ಅವರದೇ ಆಗಿರಲಿ. ಸ್ಟುಡಿಯೋದವರು ಬೆಳ್ಳಗೆ ಮಾಡಿದ ಮುಖಗಳನ್ನು ನೋಡಿ ನೋಡಿ ನನಗೆ ಬೇಸರವಾಗಿದೆ.

ಒಟ್ಟು 27 ಜನ. ಒಬ್ಬೊಬ್ಬರಿಗೂ 8x10 ಇಂಚಿನ ಎರಡೆರಡು ಪ್ರಿಂಟ್ ಮಾಡಿಸಿದೆ. ಒಂದು ಅವರು ಗಂಭೀರವಾಗಿ ಕೂತದ್ದು, ಒಂದು ಮಾತಿನ ಮಧ್ಯೆ ನಕ್ಕದ್ದು. ಎರಡು ಯಾಕೆ ಅಂದರೆ, ಒಬ್ಬರ ಮಗ ನಗುವ ಚಿತ್ರ ನೋಡಿ "ಗೋಡೆಗೆ ಇದು ಆಗಲ್ಲ, ಹಾರ ಹಾಕೋ ಫೋಟೋದಲ್ಲಿ ಯಾರಾದರೂ ಹಲ್ಲು ಬಿಡ್ತಾರಾ?" ಎಂದಿದ್ದರು. ಅವರ ಮನೆ, ಅವರ ಗೋಡೆ. ನಾನು ವಾದ ಮಾಡಲಿಲ್ಲ. ಈ ಜೂನ್‌ನಲ್ಲಿ ಆ ಅಜ್ಜಿ ತೀರಿಕೊಂಡರು. ಹೋಗಿ ನೋಡಿದರೆ ಗಂಭೀರದ್ದು ಬೀರುವಿನಲ್ಲಿತ್ತು. ಸೇವಂತಿಗೆ ಹಾರದೊಳಗೆ ಅಜ್ಜಿ, ಉಳಿದಿದ್ದ ಎರಡು ಹಲ್ಲು ಬಿಟ್ಟು ನಗುತ್ತಿದ್ದರು. "ಹಿಂಗೇ ಇದ್ದಳಲ್ವಾ ನಮ್ಮವ್ವ" ಅಂತ ಅದೇ ಮಗ ಹೇಳಿದರು.

ಹಕ್ಕಿನ ಮಾತಿಗೆ ನನ್ನ ಹತ್ತಿರ ದೊಡ್ಡ ಉತ್ತರವಿಲ್ಲ. "ಫೋಟೋ ಹಿಡ್ಕೊಂಡು ಹೋದೋರು ಯಾರೂ ವಾಪಸ್ ಬರಲ್ಲ" ಅಂತ ನಮ್ಮೂರಲ್ಲಿ ಹೇಳುತ್ತಾರೆ. ಪ್ರಿಂಟ್ ಹಿಡಿದು ವಾಪಸ್ ಹೋಗಿ ನೋಡಿ. ಆಗ ಅವರು ನಿಮಗೆ ಏನು ಹೇಳುತ್ತಾರೆ ಅನ್ನೋದು ನನ್ನ ಉತ್ತರಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನೀವು ಯಾರ ಚಿತ್ರಗಳನ್ನು ನೋಡಿ ಕಲಿತಿರಿ?
— ಓದುಗರು, ಧಾರವಾಡ

ಟಿ.ಎಸ್. ಸತ್ಯನ್ ಅವರದು. ಮೈಸೂರಿನವರು, 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. ದೇಶವೆಲ್ಲ ಸುತ್ತಿದ ಅವರ ಚಿತ್ರಗಳಲ್ಲಿ ಶಾಲೆ ಮಕ್ಕಳು, ಬೀದಿಯಲ್ಲಿ ಆಡುವವರು, ದಿನದ ಕೆಲಸದಲ್ಲಿರುವ ಜನ ಎಷ್ಟು ಸಹಜವಾಗಿದ್ದಾರೆ ನೋಡಿ. ಯಾರನ್ನೂ ಅವರು ಸಣ್ಣದಾಗಿ ತೋರಿಸುವುದಿಲ್ಲ. ಹಂಪಿ ನಿಮಗೆ ಹತ್ತಿರ ಅಲ್ವಾ? ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದಿದ್ದಾನೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ನಿಮ್ಮ ಊರಿನ ಒಂದು ಹಳೇ ಫೋಟೋ ಹಿಡಿದು ಇದನ್ನೇ ಮಾಡಬಹುದು. ಬೆಂಗಳೂರಿಗೆ ಬಂದರೆ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಶುರುವಾದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಗೆ ಅರ್ಧ ದಿನ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಡಾರ್ಕ್ ರೂಮ್ ಇಲ್ಲ. ಕೈಯಾರೆ ಫೋಟೋ ಪ್ರಿಂಟ್ ಮಾಡುವ ದಾರಿ ಏನಾದರೂ ಇದೆಯಾ?
— ಚಿತ್ರಕಲಾ ವಿದ್ಯಾರ್ಥಿ, ರಾಯಚೂರು

ನಿಮ್ಮೂರಿನ ಬಿಸಿಲೇ ಸಾಕು. ಸಯನೋಟೈಪ್ ಮಾಡಿ, ಬಿಸಿಲಲ್ಲಿ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸುವ ವಿಧಾನ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದದ್ದು. ಕಟ್ಟಡದ ಪ್ಲಾನುಗಳನ್ನು ಮುಂಚೆ ಇದರಲ್ಲೇ ನಕಲು ಮಾಡುತ್ತಿದ್ದರು. ನಾವು ಇವತ್ತು ಆಡುವ 'ನೀಲನಕ್ಷೆ' ಎಂಬ ಮಾತು ಬಂದದ್ದು ಆ ನೀಲಿಯಿಂದ.

100 ಮಿಲಿ ನೀರಿಗೆ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಹಸಿರು ಬಗೆಯದು. ಇನ್ನೊಂದು ಬಾಟಲಿಯಲ್ಲಿ 100 ಮಿಲಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್. ಬೇಕಾದಾಗ ಎರಡನ್ನೂ ಸಮಸಮ ಬೆರೆಸಿ, ಮಂದ ಬೆಳಕಿನ ಕೋಣೆಯಲ್ಲಿ ದಪ್ಪ ಡ್ರಾಯಿಂಗ್ ಕಾಗದಕ್ಕೆ ತೆಳ್ಳಗೆ ಹಚ್ಚಿ, ಕತ್ತಲಲ್ಲಿ ಒಣಗಿಸಿ. ಮೇಲೆ ನುಗ್ಗೆ ಎಲೆ ಇಡಿ, ಅಥವಾ ಪಾರದರ್ಶಕ ಹಾಳೆಯಲ್ಲಿ ಪ್ರಿಂಟ್ ಮಾಡಿದ ನೆಗೆಟಿವ್ ಇಟ್ಟು ಗಾಜು ಮುಚ್ಚಿ. ಮಧ್ಯಾಹ್ನದ ಬಿಸಿಲಲ್ಲಿ ಎಂಟು ಹತ್ತು ನಿಮಿಷದಲ್ಲಿ ಕಾಗದ ಬೂದು ಬಣ್ಣಕ್ಕೆ ತಿರುಗುತ್ತದೆ. ಹಳದಿ ಬಿಡುವುದು ನಿಲ್ಲುವವರೆಗೆ ನೀರಲ್ಲಿ ತೊಳೆಯಿರಿ. ನೀಲಿ ಕಣ್ಣೆದುರೇ ಮೇಲೆ ಬರುತ್ತದೆ. ನನಗೆ ಅದು ಇವತ್ತಿಗೂ ಮೈ ಜುಮ್ಮೆನ್ನುವ ಕ್ಷಣ. ಕೈಗವಸು ಹಾಕಿಕೊಳ್ಳಿ, ಅಡುಗೆ ಪಾತ್ರೆ ಬಳಸಬೇಡಿ, ಬಲವಾದ ಆಸಿಡ್ ಹತ್ತಿರ ಸುಳಿಯಬಾರದು. ಬಟ್ಟೆಗೆ ಹಚ್ಚಿದರೆ ಸೋಪಿನ ಪುಡಿಯಲ್ಲಿ ಒಗೆಯಬೇಡಿ, ನೀಲಿ ಹೋಗುತ್ತದೆ.

ಪ್ರಶ್ನೆ: ಮಗಳು ಫೋಟೋಗ್ರಫಿ ಓದುತ್ತಾಳೆ. ಖರ್ಚಿಗೆ ಅಂತ ಮದುವೆ ಫೋಟೋಗೆ ಹೋಗುತ್ತಾಳೆ. ರಾತ್ರಿ ಎರಡಕ್ಕೆ ಬರುತ್ತಾಳೆ, ಮಾರನೇ ದಿನ ಕ್ಲಾಸಿಗೆ ಹೋಗಲ್ಲ. ಬಿಡಿಸಲೇ?
— ತಾಯಿ, ದಾವಣಗೆರೆ

ಅಮ್ಮ, ಪೂರ್ತಿ ಬಿಡಿಸಬೇಡಿ. ನನ್ನ 54 ಪ್ರಿಂಟುಗಳ ದುಡ್ಡು ಬಂದಿದ್ದು ಮದುವೆ ಮನೆಗಳಿಂದಲೇ. ಧಾರೆಯ ಹೊತ್ತಿಗೆ ಐವತ್ತು ಜನರ ಮಧ್ಯೆ ನುಗ್ಗಿ ಜಾಗ ಹಿಡಿಯೋದನ್ನು ಯಾವ ತರಗತಿಯೂ ಕಲಿಸಲ್ಲ. ಆದರೆ ಎರಡು ಮಾತು ಖಚಿತ ಮಾಡಿಕೊಳ್ಳಲು ಹೇಳಿ. ಅರ್ಧ ಹಣ ಮೊದಲೇ ಕೈಗೆ ಬರಬೇಕು. ವಾಪಸ್ ಬಿಡುವ ಗಾಡಿ ಅವರದ್ದೇ ಆಗಬೇಕು. ನಾನು ಒಬ್ಬರಿಗೆ ನಾಲ್ಕು ಮದುವೆ ಮಾಡಿಕೊಟ್ಟೆ, ಎರಡರ ದುಡ್ಡು ಇನ್ನೂ ಬಂದಿಲ್ಲ. ಸೆಮಿಸ್ಟರ್ ಇರುವಾಗ ತಿಂಗಳಿಗೆ ಎರಡೇ ಮದುವೆ ಅಂತ ಆಮೇಲೆ ನಾನೇ ಗೆರೆ ಹಾಕಿಕೊಂಡೆ.

ಪ್ರಶ್ನೆ: ನನ್ನ ಹೆಂಡತಿ ಹೋಗಿ ಎರಡು ವರ್ಷ. ಅವಳದು ಅಂತ ಇರೋದು ಬ್ಯಾಂಕ್ ಪಾಸ್ ಪುಸ್ತಕಕ್ಕೆ ಅಂಟಿಸಿದ ಒಂದು ಸಣ್ಣ ಫೋಟೋ. ಅದನ್ನು ದೊಡ್ಡದು ಮಾಡಬಹುದಾ? ನನಗೆ 74 ವರ್ಷ.
— ನಿವೃತ್ತ ಬಸ್ ಕಂಡಕ್ಟರ್, ತಿಪಟೂರು

ಆಗುತ್ತದೆ ಅಜ್ಜ. ಅಂಟಿಸಿದ ಫೋಟೋ ಅಂದರೆ ನಿಜವಾದ ಪ್ರಿಂಟ್. ಮತದಾರರ ಚೀಟಿ ಮೇಲೆ ಅಚ್ಚು ಹಾಕಿದ ಚಿತ್ರಕ್ಕಿಂತ ಅದರಲ್ಲಿ ವಿವರ ಜಾಸ್ತಿ ಉಳಿದಿರುತ್ತದೆ. ಅದನ್ನು ಕೀಳಲು ಹೋಗಬೇಡಿ, ನೀರು ಹಚ್ಚಬೇಡಿ. ಪುಸ್ತಕದ ಸಮೇತ ಸ್ಕ್ಯಾನರ್ ಮೇಲೆ ಇಟ್ಟು 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕಿ) ಸ್ಕ್ಯಾನ್ ಮಾಡಲು ಹೇಳಿ. ಪಾಸ್‌ಪೋರ್ಟ್ ಅಳತೆಯದಾದರೆ ಸುಮಾರು 5x7 ಇಂಚಿನವರೆಗೆ ಒಡೆಯದೆ ಬರುತ್ತದೆ. ಅದಕ್ಕಿಂತ ದೊಡ್ಡದು ಬೇಡ. ಈಗ ಮೊಬೈಲ್‌ನಲ್ಲಿ ಮಸುಕು ಮುಖವನ್ನು ಚೊಕ್ಕಟ ಮಾಡುವ ಆ್ಯಪ್‌ಗಳಿವೆ. ಅವು ಇಲ್ಲದ ವಿವರವನ್ನು ಊಹಿಸಿ ತುಂಬುತ್ತವೆ, ಕಣ್ಣು ಬೇರೆ ಯಾರದೋ ಆಗಿಬಿಡುತ್ತದೆ. ನಿಮ್ಮ ಮನೆಯವರ ಕಣ್ಣು ಹೇಗಿತ್ತು ಅಂತ ನಿಮಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.

ಇನ್ನೊಂದು ಕೆಲಸ ಮಾಡಿ. ನಿಮ್ಮ ಕಡೆಯವರು, ಅವರ ತವರಿನವರು, ಎಲ್ಲರ ಮನೆ ಮದುವೆ ಆಲ್ಬಮ್ ತರಿಸಿಕೊಂಡು ನೋಡಿ. ಊಟದ ಪಂಕ್ತಿಯಲ್ಲಿ, ಹಸೆಮಣೆ ಹಿಂದೆ, ಮಗು ಎತ್ತಿಕೊಂಡು ಅಂಚಿನಲ್ಲಿ ನಿಂತವರಲ್ಲಿ ಹುಡುಕಿ. ಹೆಂಗಸರು ಹೆಚ್ಚಾಗಿ ಸಿಗೋದು ಅಲ್ಲೇ. ನಮ್ಮ ಅಜ್ಜಿಯೂ ಕೊನೆಗೆ ಸಿಕ್ಕಿದ್ದು ಅತ್ತೆಯ ಮದುವೆ ಆಲ್ಬಮ್‌ನ ಕೊನೇ ಹಾಳೆಯಲ್ಲಿ, ಬಾಳೆಎಲೆ ಕಟ್ಟಿನ ಪಕ್ಕ.

ಪಾಸ್ ಪುಸ್ತಕವನ್ನು ಅಂಚೆಯಲ್ಲಿ ಕಳಿಸಬೇಡಿ. ನಮ್ಮೂರಿನಿಂದ ತಿಪಟೂರು ದೂರವೇನಲ್ಲ. ಸಂಪಾದಕರ ಹತ್ತಿರ ನಿಮ್ಮ ವಿಳಾಸ ತೆಗೆದುಕೊಂಡಿದ್ದೇನೆ. ಪರೀಕ್ಷೆ ಮುಗಿದ ಮೇಲಿನ ಭಾನುವಾರ ಸ್ಕ್ಯಾನರ್ ತೆಗೆದುಕೊಂಡು ಬರುತ್ತೇನೆ. ಕ್ಯಾಮೆರಾನೂ ತರುತ್ತೇನೆ. ನೀವೂ ಒಂದು ಫೋಟೋ ತೆಗೆಸಿಕೊಳ್ಳಿ. ಎಲ್ಲಿ ಕೂರುತ್ತೀರಿ, ಏನು ಉಡುತ್ತೀರಿ, ಈಗಲೇ ಯೋಚನೆ ಮಾಡಿಟ್ಟುಕೊಳ್ಳಿ.